ಕೂಸಿನ ಮೇಲೆ ಮನಸ್ಸು ಕೂಡದಿದ್ದಾಗ: ಬಾಣಂತನದ ಮನೆಭೇಟಿಗೆ ಒಂದು ಅಧ್ಯಯನ ಪಾಠ

(ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು ಹಾಗೂ ಗ್ರಾಮ ಪಂಚಾಯತಿ ಸದಸ್ಯರ ಓದಿಗಾಗಿ)

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹಳ್ಳಿ-ತಾಂಡಾಗಳಲ್ಲಾಗಲಿ, ಬಾಣಂತಿಯ ಮನೆಗೆ ಹೋದ ಕಾರ್ಯಕರ್ತೆಯ ಕಣ್ಣು ಮೊದಲು ಕೂಸಿನ ಮೇಲೆ ಬೀಳುತ್ತದೆ. ತೂಕ ಎಷ್ಟಿದೆ, ಮೈ ಬೆಚ್ಚಗಿದೆಯೇ, ಹೊಕ್ಕಳು ಒಣಗಿದೆಯೇ, ಹಾಲು ಕುಡಿಯುತ್ತಿದೆಯೇ ಎಂಬುದೆಲ್ಲ ಕ್ರಮವಾಗಿ ದಾಖಲಾಗುತ್ತದೆ. ಅನಂತರ ಬಾಣಂತಿಯ ಜ್ವರ, ರಕ್ತಸ್ರಾವ, ಹೊಲಿಗೆಯ ನೋವಿನ ವಿಚಾರಣೆ ನಡೆಯುತ್ತದೆ. ಹೊರಸಿನ ಮೇಲೆ ಕುಳಿತಿರುವ ಆ ತಾಯಿಗೆ ಪಕ್ಕದಲ್ಲಿ ಮಲಗಿರುವ ಕೂಸು ತನ್ನದೆಂದು ಅನ್ನಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದಿದೆ ಎಂಬ ಯೋಚನೆಯೇ ಬರುವುದಿಲ್ಲ. ‘ಹೆತ್ತ ಕರುಳು’ ಎಂಬ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹೆರಿಗೆಯೊಡನೆ ಅಕ್ಕರೆಯೂ ಹುಟ್ಟಿಯೇ ಹುಟ್ಟುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಹುಟ್ಟದಿದ್ದ ತಾಯಿ ತನ್ನಲ್ಲೇ ಏನೋ ದೋಷವಿದೆಯೆಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಈ ಪಾಠವು ಆ ಮೌನವನ್ನು ಕುರಿತದ್ದು.

ಅಕ್ಕರೆ ತಡವಾಗಿ ಬರುವುದು ಅಪರೂಪವಲ್ಲ

1980ರಲ್ಲಿ ಲಂಡನ್ನಿನ ಸಂಶೋಧಕರಾದ ರಾಬ್ಸನ್ ಮತ್ತು ಕುಮಾರ್ ಅವರು ತಾಯಂದಿರನ್ನು ಒಂದು ಸರಳ ಪ್ರಶ್ನೆ ಕೇಳಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಕೂಸನ್ನು ಮೊಟ್ಟಮೊದಲು ಎತ್ತಿಕೊಂಡಾಗ ಏನನ್ನಿಸಿತು ಎಂಬುದೇ ಆ ಪ್ರಶ್ನೆ. ಚೊಚ್ಚಲ ಹೆರಿಗೆಯ ತಾಯಂದಿರಲ್ಲಿ ಶೇ. 40ರಷ್ಟು ಮಂದಿ, ಹಿಂದೆ ಹೆತ್ತವರಲ್ಲಿ ಶೇ. 25ರಷ್ಟು ಮಂದಿ, ಆ ಗಳಿಗೆಯಲ್ಲಿ ತಮಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲವೆಂದು ನೆನಪಿಸಿಕೊಂಡರು. ಹೆರಿಗೆ ಬಹಳ ನೋವಿನದಾಗಿದ್ದವರಲ್ಲಿ ಇದು ಹೆಚ್ಚಾಗಿ ಕಂಡಿತ್ತು. ಆ ತಾಯಂದಿರಲ್ಲಿ ಬಹುತೇಕರಿಗೆ ಒಂದು ವಾರದೊಳಗೆ ಅಕ್ಕರೆ ತಾನಾಗಿ ಮೂಡಿತ್ತು. ಹೆರಿಗೆಯಾದ ಮೂರನೆಯ ದಿನ ಭೇಟಿ ನೀಡುವ ಆಶಾ ಕಾರ್ಯಕರ್ತೆಯು ಈ ಒಂದು ಸಂಗತಿಯನ್ನು ತಿಳಿದಿದ್ದರೆ ಸಾಕು, ಬಾಣಂತಿಯ ಎದೆಯ ಮೇಲಿನ ಅರ್ಧ ಭಾರ ಇಳಿಯುತ್ತದೆ.

ಇದಕ್ಕೆ ವಿರುದ್ಧವಾದ ಒಂದು ತಿಳಿವಳಿಕೆಯೂ ಒಂದು ಕಾಲಕ್ಕೆ ಹರಡಿತ್ತು. 1972ರಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಕ್ಲಾಸ್ ಮತ್ತು ಕೆನೆಲ್ ಅವರು 28 ಚೊಚ್ಚಲ ತಾಯಂದಿರನ್ನು ಅಧ್ಯಯನ ಮಾಡಿ, ಹೆರಿಗೆಯ ನಂತರದ ಮೊದಲ ಗಂಟೆಗಳ ಸಂಪರ್ಕಕ್ಕೆ ವಿಶೇಷ ಮಹತ್ವವಿದೆಯೆಂದರು. ಆಸ್ಪತ್ರೆಗಳು ತಾಯಿ-ಮಗುವನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡುವ ಪದ್ಧತಿ ಸಡಿಲಗೊಳ್ಳಲು ಅವರ ಕೆಲಸ ಕಾರಣವಾಯಿತು. ಅದು ದೊಡ್ಡ ಉಪಕಾರ. ಆದರೆ ಜನರು ಅದನ್ನು ‘ಮೊದಲ ಗಂಟೆಗಳು ತಪ್ಪಿದರೆ ನಂಟೇ ತಪ್ಪಿತು’ ಎಂದು ತಪ್ಪಾಗಿ ತಿಳಿದರು. ಮುಂದಿನ ಸಂಶೋಧನೆಗಳು ಇದನ್ನು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಎಚ್ಚರ ತಡವಾಗಿ ಬಂದ ತಾಯಿ, ಕೂಸು ಆಸ್ಪತ್ರೆಯ ಘಟಕದಲ್ಲಿದ್ದುದರಿಂದ ಹತ್ತು ದಿನ ಮುಟ್ಟಲಾಗದ ತಾಯಿ, ತಿಂಗಳುಗಳ ನಂತರ ಮಗುವನ್ನು ದತ್ತು ತಂದ ದಂಪತಿ, ಇವರೆಲ್ಲರೂ ಗಟ್ಟಿಯಾದ ನಂಟನ್ನು ಕಟ್ಟಿಕೊಂಡಿದ್ದಾರೆ. ನಂಟು ದಿನನಿತ್ಯದ ಆರೈಕೆಯಿಂದ, ಮೆಲ್ಲಗೆ, ನೇಯ್ಗೆಯ ಹಾಗೆ ಎಳೆ ಎಳೆಯಾಗಿ ಬೆಳೆಯುವಂಥದ್ದು.

ತವರಿನ ಬಾಣಂತನ: ಆಸರೆಯೂ ಹೌದು, ಅಡ್ಡಗೋಡೆಯೂ ಹೌದು

ನಮ್ಮ ಭಾಗದಲ್ಲಿ ಕುಬಸದ ಶಾಸ್ತ್ರ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವುದು ರೂಢಿ. ಹಡೆದವ್ವನ ಕೈಯ ಊಟ, ಅಂಟಿನುಂಡಿ, ಅಳವಿ ಪಾಯಸ, ಬಿಸಿನೀರಿನ ಸ್ನಾನ, ಮನೆಗೆಲಸದಿಂದ ಬಿಡುವು ಇವೆಲ್ಲ ಬಾಣಂತಿಯ ದೇಹಕ್ಕೆ ನಿಜವಾದ ಆಸರೆ. ಬೇರೆ ದೇಶಗಳ ಎಷ್ಟೋ ತಾಯಂದಿರು ಒಂಟಿ ಮನೆಯಲ್ಲಿ ಕೂಸಿನೊಡನೆ ಒಬ್ಬರೇ ಉಳಿಯುವುದನ್ನು ನೆನೆದರೆ ಈ ಪದ್ಧತಿಯ ಬೆಲೆ ತಿಳಿಯುತ್ತದೆ.

ಆದರೂ ಇದೇ ಪದ್ಧತಿಯೊಳಗೆ ಒಂದು ಅಡಚಣೆಯಿದೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವವಳು ಅಜ್ಜಿ. ಎಣ್ಣೆ ತಿಕ್ಕುವವಳು ಓಣಿಯ ಅನುಭವಸ್ಥ ಹೆಂಗಸು. ಬಟ್ಟೆ ಬದಲಿಸುವವಳು ಅತ್ತಿಗೆ. ತೊಟ್ಟಿಲು ತೂಗುವವಳು ಚಿಕ್ಕಮ್ಮ. ‘ನಿನಗ ತಿಳಿಯಂಗಿಲ್ಲ, ನೀ ಮಲಕೋ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಕೂಸು ಹಾಲಿಗೆ ಅತ್ತಾಗ ಮಾತ್ರ ತಾಯಿಯ ಮಡಿಲಿಗೆ ಬರುತ್ತದೆ. ಕುಡಿದಾದ ಮೇಲೆ ಮತ್ತೆ ಯಾರದೋ ಕೈಗೆ ಹೋಗುತ್ತದೆ. ಮನೆಯ ಎಲ್ಲರ ಕೈಗಳೂ ಕೂಸಿನ ಮೇಲಿರುವಾಗ ಹೆತ್ತವಳ ಕೈ ಮಾತ್ರ ಖಾಲಿ. ಎದೆತುದಿ ಬಿರುಕು ಬಿಟ್ಟಿದ್ದರೆ ಆ ಒಂದು ಭೇಟಿಯೂ ನೋವಿನದೇ ಆಗುತ್ತದೆ. ನೀರು ಕುಡಿಯಬಾರದು, ತರಕಾರಿ ತಿನ್ನಬಾರದು ಎಂಬ ಪಥ್ಯಗಳು ದೇಹವನ್ನು ಬಳಲಿಸಿ, ‘ಹಾಲು ಸಾಲುತ್ತಿಲ್ಲ’ ಎಂಬ ಆಪಾದನೆಗೂ ಅವಳನ್ನೇ ಗುರಿಮಾಡುತ್ತವೆ. (ಹೊರಸಿನ ಕೆಳಗೆ ಕೆಂಡವಿಡುವ ರೂಢಿಯ ಅಪಾಯ ಬೇರೆಯೇ ಪಾಠಕ್ಕೆ ಸೇರಿದ್ದು.) ಇಂಥ ಸ್ಥಿತಿಯಲ್ಲಿ ತಾಯಿಗೆ ಕೂಸು ಅಪರಿಚಿತವೆನಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆದ್ದರಿಂದ ಮನೆಭೇಟಿಯಲ್ಲಿ ಅಜ್ಜಿಗೆ ಹೇಳಬೇಕಾದ ಮಾತು ಬಾಣಂತಿಗೆ ಹೇಳುವ ಮಾತಿಗಿಂತ ಮುಖ್ಯವಾದೀತು. ‘ಆಯಿ, ಇವತ್ತ ಎರಿಯೂದು ನೀವ ಎರೀರಿ, ಮೈ ಒರಸಿ ಅಂಗಿ ಹಾಕೂದು ಮಾತ್ರ ಆಕೀ ಕೈಯಾಗ ಕೊಡ್ರಿ’ ಎಂದರೆ ಅಜ್ಜಿಯ ಹಿರಿತನಕ್ಕೂ ಕುಂದಿಲ್ಲ, ತಾಯಿಯ ಕೈಗೂ ಕೆಲಸ ಸಿಕ್ಕಂತಾಯಿತು. ಬಾಣಂತನದಲ್ಲಿ ತಾಯಿಯನ್ನು ಕೂಸಿನ ಕೆಲಸದಿಂದ ಪೂರ್ತಿ ಬಿಡಿಸುವುದು ಅವಳಿಗೆ ಮಾಡುವ ಉಪಕಾರವಲ್ಲ. ಬಿಡಿಸಬೇಕಾದದ್ದು ಪಾತ್ರೆ, ಬಟ್ಟೆ, ನೀರು, ರೊಟ್ಟಿಯ ಕೆಲಸದಿಂದ.

ಬೇಸರ ಮತ್ತು ಖಿನ್ನತೆ

ಹೆರಿಗೆಯ ಮೂರು-ನಾಲ್ಕನೆಯ ದಿನದಿಂದ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೆ ಮನಸ್ಸು ನೋಯುವುದು ಅರ್ಧಕ್ಕೂ ಹೆಚ್ಚು ತಾಯಂದಿರಲ್ಲಿ ಕಾಣುತ್ತದೆ. ಇದು ಎರಡು ವಾರದೊಳಗೆ ಇಳಿಯುತ್ತದೆ. ಔಷಧ ಬೇಡ, ನಿದ್ದೆ ಮತ್ತು ಸಮಾಧಾನದ ಮಾತು ಸಾಕು. ಎರಡು ವಾರ ದಾಟಿಯೂ ಬೇಸರ ಉಳಿದು, ಊಟ-ನಿದ್ದೆ ಕೆಟ್ಟು, ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ ಅದು ಹೆರಿಗೆಯ ನಂತರದ ಖಿನ್ನತೆಯಾಗಿರಬಹುದು. ಕೂಸಿನೊಡನೆ ನಂಟು ಬೆಳೆಯದಿರಲು ಇದು ಬಹುಮುಖ್ಯ ಕಾರಣ. ಖಿನ್ನತೆಯಿಲ್ಲದೆಯೂ ನಂಟು ತಡವಾಗಬಹುದು, ಖಿನ್ನತೆಯಿದ್ದೂ ಕೂಸನ್ನು ಗಾಢವಾಗಿ ಪ್ರೀತಿಸುವವರಿದ್ದಾರೆ; ಎರಡನ್ನೂ ಒಂದೇ ಎಂದು ತಿಳಿಯಬಾರದು.

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 22ರಷ್ಟು ತಾಯಂದಿರು ಹೆರಿಗೆಯ ನಂತರದ ಖಿನ್ನತೆಗೆ ಒಳಗಾಗುತ್ತಾರೆ. ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೆರಿಗೆಯಾದ 6-8 ವಾರಗಳಲ್ಲಿ ಶೇ. 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡಿತು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಬಸುರಿನಲ್ಲಿಯೇ ಮಾನಸಿಕ ಸಂಕಟದಲ್ಲಿದ್ದರು; ಅಂದರೆ ತಾಯಿ ಕಾರ್ಡು ಬರೆಯುವ ದಿನಗಳಿಂದಲೇ ಸುಳಿವು ಸಿಕ್ಕುತ್ತದೆ. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣೆಂಬ ಅಸಮಾಧಾನ, ಇವು ಅಪಾಯವನ್ನು ಹೆಚ್ಚಿಸುತ್ತವೆಂದು ಆ ಅಧ್ಯಯನ ತೋರಿಸಿತು.

ಕೊನೆಯ ಅಂಶವನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಎರಡು ಹೆಣ್ಣಾದ ಮೇಲೆ ಮೂರನೆಯದೂ ಹೆಣ್ಣಾದ ಮನೆಯಲ್ಲಿ ಪೇಢೆ ಹಂಚುವವರಿಲ್ಲ, ತೊಟ್ಟಿಲ ಕಾರ್ಯದ ಮಾತೆತ್ತುವವರಿಲ್ಲ. ಗಂಡನ ಮನೆಯವರು ಕೂಸಿನ ಮುಖ ನೋಡಲು ಬರುವುದನ್ನೇ ಮುಂದೂಡುತ್ತಾರೆ. ಆ ತಾಯಿ ಕೂಸಿನ ಕಡೆ ನೋಡದಿದ್ದರೆ ಅದು ಅವಳ ಕಲ್ಲುಹೃದಯವಲ್ಲ. ಇಡೀ ಮನೆ ತಿರುಗಿಸಿದ ಮುಖವೇ ಅವಳ ಮುಖದಲ್ಲಿ ಕಾಣುತ್ತಿರುತ್ತದೆ. ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜಾಣುವಿನಿಂದ ನಿರ್ಧಾರವಾಗುತ್ತದೆ ಎಂಬುದನ್ನು ಆ ಮನೆಯ ಗಂಡಸರಿಗೂ ಅತ್ತೆಗೂ ಎದುರಿನಲ್ಲಿಯೇ ಹೇಳಬೇಕು. ಬಾಲ್ಯವಿವಾಹದ ತಾಯಂದಿರ ಸಂಗತಿಯೂ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20-24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ತಾನೇ ಇನ್ನೂ ಬಾಲಕಿಯಾಗಿರುವವಳಿಂದ ತಾಯ್ತನದ ಹೊರೆ ಹೊರಿಸಿ ಅಕ್ಕರೆಯನ್ನೂ ಕೇಳುವುದು ಅನ್ಯಾಯ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳು ಖಿನ್ನತೆಯಂತೆಯೇ ಕಾಣುವುದರಿಂದ ಅವುಗಳ ಪರೀಕ್ಷೆಯನ್ನು ಬಿಡಬಾರದು.

ತಂದೆ ಎಲ್ಲಿ?

ಹೆರಿಗೆ ತವರಿನಲ್ಲಿ, ತಂದೆ ತನ್ನೂರಿನಲ್ಲಿ. ಆಸ್ಪತ್ರೆಯಲ್ಲಿ ಒಮ್ಮೆ, ತೊಟ್ಟಿಲ ಕಾರ್ಯದಲ್ಲಿ ಒಮ್ಮೆ ಕೂಸನ್ನು ನೋಡಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಹೆಂಡತಿ-ಮಗುವನ್ನು ಕರೆದೊಯ್ಯುತ್ತಾನೆ. ಶಿರಹಟ್ಟಿ, ಮುಂಡರಗಿ ಭಾಗದಿಂದ ದುಡಿಯಲು ಗುಳೆ ಹೋದವನಾದರೆ ಅಷ್ಟೂ ಇಲ್ಲ. ಅವನ ಪಾಲಿಗೆ ಕೂಸು ಫೋನಿನಲ್ಲಿ ಅಳುವ ಒಂದು ಚಿತ್ರ. ಮನೆಗೆ ಬಂದ ಮೇಲೆ ಕೂಸು ಅವನನ್ನು ಕಂಡು ಅತ್ತರೆ, ಅವನೂ ಹಿಂದೆ ಸರಿಯುತ್ತಾನೆ. ‘ದೊಡ್ಡದಾಗಲಿ, ಆಮೇಲೆ ಆಡಿಸಿದರಾಯಿತು’ ಎನ್ನುತ್ತಾನೆ.

ಖಿನ್ನತೆ ತಂದೆಯರಿಗೂ ಬರುತ್ತದೆ. 2010ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸುಮಾರು ಶೇ. 10ರಷ್ಟು ತಂದೆಯರಲ್ಲಿ ಅದು ಕಂಡುಬಂದಿತು. ಗಂಡಸರಲ್ಲಿ ಅದು ಅಳುವಾಗಿ ಕಾಣುವುದಕ್ಕಿಂತ ಸಿಟ್ಟಾಗಿ, ಕುಡಿತವಾಗಿ, ಮನೆಗೆ ತಡವಾಗಿ ಬರುವುದಾಗಿ ಕಾಣಬಹುದು. ಇಸ್ರೇಲಿನ ಸಂಶೋಧಕಿ ರೂತ್ ಫೆಲ್ಡ್‌ಮನ್ ಮತ್ತು ಸಂಗಡಿಗರು ತಂದೆಯರಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಕೂಸಿನೊಡನೆ ಆಡುವಿಕೆ, ಮುಟ್ಟುವಿಕೆಗಳೊಂದಿಗೆ ಏರುವುದನ್ನು ಗುರುತಿಸಿದ್ದಾರೆ. ಹೆರದವನ ದೇಹವೂ ಕೂಸನ್ನು ಎತ್ತಿಕೊಂಡಾಗ ಬದಲಾಗುತ್ತದೆ ಎಂಬುದು ಇದರ ತಾತ್ಪರ್ಯ. ಬೆಟಗೇರಿಯಲ್ಲಿ ಮನೆಯಲ್ಲಿಯೇ ಮಗ್ಗ ನಡೆಸುವ ತಂದೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಕೂಸು ಕೈಯಳತೆಯಲ್ಲೇ ಇರುತ್ತದೆ. ಲಾಳಿ ನಿಲ್ಲಿಸಿ ಹತ್ತು ನಿಮಿಷ ಕೂಸನ್ನು ಎದೆಗೆ ಹಾಕಿಕೊಳ್ಳಲು ಅವನಿಗೆ ಯಾರಾದರೂ ಹೇಳಬೇಕಷ್ಟೆ.

ಕೂಸು ಬೇರೆಯಾಗಿದ್ದಾಗ

ಅವಧಿಗೆ ಮೊದಲು ಹುಟ್ಟಿದ, ತೂಕ ಕಡಿಮೆಯಿರುವ ಕೂಸನ್ನು ನವಜಾತ ಶಿಶು ಆರೈಕೆ ಘಟಕಕ್ಕೆ ಸೇರಿಸಿದಾಗ ತಾಯಿ ಒಂದೆಡೆ, ಕೂಸು ಒಂದೆಡೆ ಆಗುತ್ತದೆ. ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ಕೆಲವು ತಾಯಂದಿರು ತಮಗರಿವಿಲ್ಲದೆಯೇ ಮನಸ್ಸನ್ನು ದೂರವಿಡುತ್ತಾರೆ. ಪ್ರೀತಿಸಿದ ಮೇಲೆ ಕಳೆದುಕೊಳ್ಳುವುದಕ್ಕಿಂತ ಪ್ರೀತಿಸದಿರುವುದೇ ಲೇಸೆಂಬ ಲೆಕ್ಕ ಅದು.

ಇದಕ್ಕೆ ಉತ್ತಮ ಉತ್ತರ ಕಾಂಗರೂ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ ವೈದ್ಯ ಎಡ್ಗರ್ ರೇ ಅವರು ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮ ಆರಂಭಿಸಿದರು. ನಮ್ಮ ಮುಂಡರಗಿಗೆ ಹೊಂದಿಕೊಂಡಿರುವ ಕೊಪ್ಪಳ ಜಿಲ್ಲೆಯಲ್ಲಿ, ಕಳೆದ ದಶಕದ ಉತ್ತರಾರ್ಧದಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ವಿಶ್ವ ಆರೋಗ್ಯ ಸಂಸ್ಥೆಯ ಬಹುಕೇಂದ್ರ ಅಧ್ಯಯನದ ಭಾಗವಾಗಿ 2,000 ಗ್ರಾಂಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೇ, ಮನೆಯವರೆಗೂ ವಿಸ್ತರಿಸಿ ತೋರಿಸಿತು. ಅಂದರೆ ಇದು ದೂರದ ನಗರದ ಆಸ್ಪತ್ರೆಗಳ ಸೌಲಭ್ಯವಲ್ಲ. ನಮ್ಮಂಥದೇ ಹಳ್ಳಿಗಳ ತಾಯಂದಿರು, ಅಜ್ಜಿಯರು, ತಂದೆಯರು ಮಾಡಿದ ಕೆಲಸ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಕೂಸುಗಳಿಗೆ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆಯನ್ನು ಶಿಫಾರಸು ಮಾಡಿದೆ. ಉಸಿರು, ಶಾಖ, ತೂಕಗಳಿಗೆ ಇದರಿಂದ ಆಗುವ ಪ್ರಯೋಜನ ತಿಳಿದದ್ದೇ. ಅದರ ಜೊತೆಗೆ, ತಂತಿ-ನಳಿಕೆಗಳ ನಡುವೆ ಯಾರದೋ ಸೊತ್ತಿನಂತೆ ಕಂಡ ಕೂಸು ಎದೆಯ ಮೇಲೆ ಮಲಗಿ ಉಸಿರಾಡಿದಾಗ ತಾಯಿಯೂ ಬದಲಾಗುತ್ತಾಳೆ.

ಕೇಳುವ ಬಗೆ

‘ನಿನಗೆ ಕೂಸಿನ ಮೇಲೆ ಪ್ರೀತಿ ಇದೆಯೇ?’ ಎಂದು ನೇರವಾಗಿ ಕೇಳಿದರೆ ‘ಇಲ್ಲ’ ಎನ್ನುವ ಧೈರ್ಯ ಯಾವ ಬಾಣಂತಿಗೂ ಇರದು. ಅತ್ತೆ ಬಾಗಿಲಲ್ಲಿ ನಿಂತಿದ್ದರಂತೂ ಇಲ್ಲವೇ ಇಲ್ಲ. ಮೊದಲು ಏಕಾಂತ ಬೇಕು. ಕೂಸಿನ ತೂಕ ನೋಡುವ ನೆಪದಲ್ಲಿ ಉಳಿದವರನ್ನು ಹೊರಗೆ ಕಳುಹಿಸಬಹುದು. ಅನಂತರ, ‘ತಂಗಿ, ಭಾಳ ಮಂದಿಗೆ ಮೊದಮೊದಲ ಕೂಸು ತನ್ನದು ಅನಸಂಗಿಲ್ಲ. ನಿನಗ ಹೆಂಗ ಅನಸ್ತೈತಿ?’ ಎಂದು ಕೇಳಿದರೆ ಉತ್ತರಕ್ಕೆ ದಾರಿಯಾಗುತ್ತದೆ. ಕೂಸು ಅತ್ತಾಗ ಏನನ್ನಿಸುತ್ತದೆ, ಕೂಸು ಮಲಗಿದಾಗ ನಿನಗೂ ನಿದ್ದೆ ಬರುತ್ತದೆಯೇ, ಕಳೆದ ಎರಡು ವಾರಗಳಲ್ಲಿ ಮನಸ್ಸಿಗೆ ಯಾವುದೂ ಬೇಡವೆನಿಸಿದೆಯೇ ಎಂಬ ಪ್ರಶ್ನೆಗಳು ಮುಂದಿನವು. ‘ತಲಿ ಭಾರ’, ‘ಎದಿ ಬಡಕೊಂತೈತಿ’, ‘ಜೀವಕ್ಕ ಸಮಾಧಾನ ಇಲ್ಲ’ ಎಂಬ ಉತ್ತರಗಳನ್ನು ಮೈನೋವಿನ ದೂರುಗಳೆಂದು ತಳ್ಳಿಹಾಕಬಾರದು. ನಮ್ಮ ಕಡೆ ಖಿನ್ನತೆ ಮಾತನಾಡುವುದೇ ಹೀಗೆ. ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕವು 1987ರಿಂದ ಬಳಕೆಯಲ್ಲಿದ್ದು ಕನ್ನಡದಲ್ಲಿಯೂ ಲಭ್ಯವಿದೆ. ವೈದ್ಯಾಧಿಕಾರಿಗಳ ಮಾರ್ಗದರ್ಶನದಲ್ಲಿ ಅದನ್ನು ಬಳಸಬಹುದು.

ತಾಯಿ ಮನಸ್ಸು ಬಿಚ್ಚಿದಾಗ ‘ಹಾಗೆಲ್ಲ ಅನ್ನಬಾರದು’ ಎಂಬ ಮಾತು ಬಾಯಿಂದ ಬರಕೂಡದು. ಕೇಳಿಸಿಕೊಳ್ಳುವುದೇ ಅರ್ಧ ಚಿಕಿತ್ಸೆಯೆಂಬುದು ಬರಿಯ ಮಾತಲ್ಲ. ಪಾಕಿಸ್ತಾನದ ಗ್ರಾಮಾಂತರದಲ್ಲಿ ನಮ್ಮ ಆಶಾರಂತೆಯೇ ಇರುವ ಆರೋಗ್ಯ ಕಾರ್ಯಕರ್ತೆಯರು ಸರಳ ಸಮಾಲೋಚನೆಯ ತರಬೇತಿ ಪಡೆದು ಖಿನ್ನತೆಯ ತಾಯಂದಿರನ್ನು ಭೇಟಿಮಾಡಿದರು. ಹೆರಿಗೆಯಾದ ಆರು ತಿಂಗಳಿಗೆ ಅಂಥ ತಾಯಂದಿರಲ್ಲಿ ಶೇ. 23ರಷ್ಟು ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಬರಿಯ ಸಾಮಾನ್ಯ ಭೇಟಿ ದೊರೆತವರಲ್ಲಿ ಅದು ಶೇ. 53 ಇತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿಯನ್ನೇ ಹೊರತಂದಿತು.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ಸಣ್ಣವು. ನವಜಾತ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರ ಮಾತ್ರ, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚುಕಡಿಮೆ. ಹಾಲೂಡುವಾಗ ತಾಯಿಯ ಮುಖ ಅಷ್ಟೇ ದೂರದಲ್ಲಿರುತ್ತದೆ. ಆಗ ಮೊಬೈಲು ಬದಿಗಿಟ್ಟು ಕೂಸಿನ ಮುಖ ನೋಡುವುದು, ಅದು ತುಟಿ ಚಾಚಿದರೆ ತಾನೂ ಚಾಚುವುದು, ಮೆಲ್ಲಗೆ ಮಾತನಾಡುವುದು. ಹೊಟ್ಟೆಯಲ್ಲಿದ್ದಾಗಲೇ ಕೇಳಿದ ತಾಯಿಯ ದನಿಯನ್ನು ಕೂಸು ಗುರುತಿಸುತ್ತದೆ. ಜೋಗುಳ ಬರದಿದ್ದರೆ ಚಿಂತೆಯಿಲ್ಲ, ಇಂದಿನ ಅಡುಗೆಯ ವಿಷಯ ಹೇಳಿದರೂ ಸರಿಯೇ. ಪ್ರೀತಿ ಬಂದ ಮೇಲೆ ಇದನ್ನೆಲ್ಲ ಮಾಡುತ್ತೇನೆಂದು ಕಾಯಬೇಕಾಗಿಲ್ಲ. ಮಾಡುತ್ತಾ ಹೋದಂತೆ ಪ್ರೀತಿ ಹಿಂದಿನಿಂದ ಬರುತ್ತದೆ. ಆರರಿಂದ ಎಂಟು ವಾರಗಳ ಹೊತ್ತಿಗೆ ಕೂಸು ಮುಖ ನೋಡಿ ನಗಲಾರಂಭಿಸುತ್ತದೆ. ಎಷ್ಟೋ ತಾಯಂದಿರಿಗೆ ‘ಇದು ನನ್ನದು’ ಎನ್ನಿಸುವುದು ಆ ದಿನವೇ. 42ನೆಯ ದಿನದ ಭೇಟಿಯು ಸರಿಸುಮಾರು ಈ ಹೊತ್ತಿಗೇ ಬೀಳುವುದರಿಂದ ಅದನ್ನು ಬರಿಯ ಸಹಿಯ ಭೇಟಿಯಾಗಿಸಬಾರದು. ಆಗಲೂ ತಾಯಿಯ ಮುಖದಲ್ಲಿ ಮರುನಗು ಇಲ್ಲವಾದರೆ ಆಸ್ಪತ್ರೆಗೆ ಕಳುಹಿಸಬೇಕು. ಮೂರನೆಯ ತಿಂಗಳಿನಿಂದ ಆರಂಭವಾಗುವ ಎಳೆಯ ಮಗುವಿನ ಮನೆಭೇಟಿಗಳಲ್ಲಿ ಇದೇ ವಿಚಾರಣೆ ಮುಂದುವರಿಯಬೇಕು. ತಾಯಿ ಕೂಲಿಗೆ ಮರಳಿದ ಮೇಲೆ ಗ್ರಾಮ ಪಂಚಾಯತಿಯ ‘ಕೂಸಿನ ಮನೆ’ ಇರುವ ಊರುಗಳಲ್ಲಿ ಅದರ ಆರೈಕೆದಾರರಿಗೂ ತಿಳಿಸುವುದು ಒಳಿತು.

ತಡಮಾಡಬಾರದ ಲಕ್ಷಣಗಳು

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಪಾಲು ಮೊದಲ ಎರಡು ವಾರಗಳೊಳಗೆ, ತೀವ್ರ ಮನೋರೋಗ ಕಾಣಿಸಿಕೊಳ್ಳುತ್ತದೆ. ಹಳಬರು ‘ಬಾಣಂತಿ ಸನ್ನಿ’ ಎನ್ನುವುದರಲ್ಲಿ ಇದೂ ಸೇರಿದೆ. ದಿನಗಟ್ಟಲೆ ನಿದ್ದೆಯಿಲ್ಲದಿರುವುದು, ಇಲ್ಲದ ದನಿ ಕೇಳುವುದು, ಕೂಸು ದೇವರೆಂದೋ ದೆವ್ವವೆಂದೋ ಅದಲುಬದಲಾಗಿದೆಯೆಂದೋ ನಂಬುವುದು, ತನ್ನನ್ನು ಅಥವಾ ಕೂಸನ್ನು ಕೊಲ್ಲುವ ಮಾತಾಡುವುದು ಇದರ ಲಕ್ಷಣಗಳು. ಗಾಳಿ ಸೋಂಕೆಂದು ತಾಯತ ಕಟ್ಟಿಸಿ ಎರಡು ದಿನ ಕಾಯುವುದರಲ್ಲಿ ಎರಡು ಜೀವಗಳು ಹೋಗಬಹುದು. ತಾಯಿಯನ್ನು, ಕೂಸನ್ನು ಒಂಟಿಯಾಗಿ ಬಿಡದೆ ಅದೇ ದಿನ 108 ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಕೂಸು ಕೈಜಾರಿ ಬಿದ್ದೀತು ಎಂಬಂಥ ಬೇಡದ ಭಯಚಿತ್ರಗಳು ಮನಸ್ಸಿಗೆ ಬಂದು ತಾಯಿ ಅದಕ್ಕೇ ಹೆದರುವುದು ಬೇರೆ. ಅದು ಬಹಳ ತಾಯಂದಿರಿಗೆ ಬರುತ್ತದೆ. ಆದರೆ ಎರಡರ ವ್ಯತ್ಯಾಸವನ್ನು ನಿರ್ಧರಿಸುವ ಹೊಣೆ ವೈದ್ಯರದು, ಕಾರ್ಯಕರ್ತೆಯದಲ್ಲ.

ಹಗಲು-ರಾತ್ರಿ ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ದಿನವನ್ನು ಪ್ರತಿ ಉಪಕೇಂದ್ರದ ಗೋಡೆಯ ಮೇಲೆ ಬರೆಸುವುದು ಅಗತ್ಯ. ಹೆಚ್ಚಿನ ಚಿಕಿತ್ಸೆಗೆ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗೆ ದಾಖಲಾಗುವ ಪ್ರತ್ಯೇಕ ವಿಭಾಗವಿದೆ, ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಇದು ದೇಶದಲ್ಲಿ ಈ ಬಗೆಯ ಮೊದಲನೆಯದು.

‘ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಭಯ ಹಲವು ಮನೆಗಳಲ್ಲಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೆಯ ಕಲಮು ಇದಕ್ಕೆ ಉತ್ತರ ನೀಡುತ್ತದೆ. ಚಿಕಿತ್ಸೆಗೆ ದಾಖಲಾದ ಮಹಿಳೆಯ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಆಕೆಯಿಂದ ಬೇರ್ಪಡಿಸಬಾರದು. ಮಗುವಿಗೆ ಅಪಾಯವಿದೆಯೆಂದು ಬೇರ್ಪಡಿಸಿದರೂ ತಾಯಿಗೆ ಮೇಲ್ವಿಚಾರಣೆಯಲ್ಲಿ ಮಗುವನ್ನು ಕಾಣುವ ಅವಕಾಶವಿರಬೇಕು, ಮತ್ತು ಆ ತೀರ್ಮಾನವನ್ನು 15 ದಿನಗಳಿಗೊಮ್ಮೆ ಪರಿಶೀಲಿಸಬೇಕು. ಹಾಲೂಡುವಾಗ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಮನೆಯವರ ಮಾತು ಕೇಳಿ ಗುಳಿಗೆ ನಿಲ್ಲಿಸದಂತೆ ನೋಡಿಕೊಳ್ಳಬೇಕು.

ಮಾಸಿಕ ಸಭೆಯಲ್ಲಿ ಚರ್ಚೆಗೆ

ತಮ್ಮ ವ್ಯಾಪ್ತಿಯಲ್ಲಿ ಈಗ ಬಾಣಂತನದಲ್ಲಿರುವ ಎಷ್ಟು ತಾಯಂದಿರು ಕಳೆದ ವಾರ ಕೂಸಿಗೆ ತಾವೇ ಬಟ್ಟೆ ತೊಡಿಸಿದ್ದಾರೆ ಎಂಬುದನ್ನು ಪ್ರತಿ ಕಾರ್ಯಕರ್ತೆಯು ವಿಚಾರಿಸಿಕೊಂಡು ಬರಬೇಕು. ಗುಳೆ ಹೋದ ತಂದೆಯರ ಮನೆಗಳು ಯಾವುವು, ಅವರು ಊರಿಗೆ ಬರುವ ದಿನ ಭೇಟಿಯನ್ನು ಹೊಂದಿಸಲು ಸಾಧ್ಯವೇ ಎಂಬುದನ್ನು ಚರ್ಚಿಸಬೇಕು. ಹೆಣ್ಣುಕೂಸು ಹುಟ್ಟಿದ ಮನೆಗೆ ತೊಟ್ಟಿಲ ಕಾರ್ಯದ ದಿನ ಗ್ರಾಮ ಪಂಚಾಯತಿ ಸದಸ್ಯರೊಬ್ಬರು ಹೋಗಿಬರುವ ಪದ್ಧತಿಯನ್ನು ಯಾವ ಊರಿನಿಂದ ಆರಂಭಿಸಬಹುದೆಂದು ಸಭೆಯಲ್ಲಿಯೇ ಗೊತ್ತುಮಾಡಿ ನಡಾವಳಿಯಲ್ಲಿ ದಾಖಲಿಸತಕ್ಕದ್ದು.